ನಂಬದವರ ಕಾಲುವೆ

ಸಿರುಗುಪ್ಪದ ಅಕ್ಕಿ ಗಿರಣಿಗಳ ಹತ್ತಿರ ಬಸ್ಸು ನಿಧಾನವಾದೊಡನೆ ಒಳಗೆ ನುಗ್ಗುವ ಬೆಂದ ಭತ್ತದ ವಾಸನೆಯನ್ನು ಸುವಾಸನೆಯೆಂದು ಬಣ್ಣಿಸುವವರಿದ್ದಾರೆ. ಅವರು ಬಹುಶಃ ಕಾರಿನ ಗಾಜು ಏರಿಸಿಕೊಂಡು ಹಾದುಹೋದವರು. ಹುಳಿತ ನೀರು, ಒದ್ದೆ ಹೊಟ್ಟು, ಉರಿದ ಉಮಿ ಮೂರೂ ಸೇರಿ ಗಂಟಲಿಗೆ ಅಂಟಿಕೊಳ್ಳುವ ಆ ವಾಸನೆ ಹೋದ ವಾರ ಕಿಟಕಿಯಿಂದ ಬಂದಾಗ ನಾನು ಮೂಗಿಗೆ ಸೆರಗು ಹಿಡಿದೆ. ಅದರ ಬೆನ್ನಿಗೇ ಬಂದ ನೆನಪನ್ನು ತಡೆಯಲು ಸೆರಗಿನಿಂದಾಗಲಿಲ್ಲ. ಕೆಲವು ವರ್ಷಗಳ ಹಿಂದೆ, ಕಾಲುವೆಗೆ ನೀರು ಬಿಟ್ಟ ದಿನದಿಂದ ಭತ್ತ ಕೊಯ್ಲಾಗುವ ತನಕ ಒಂದು ಪೂರ್ತಿ ಹಂಗಾಮು ನಾನು ರಾಜ್ಯಶಾಸ್ತ್ರದ ಸೇವೆಯಲ್ಲಿದ್ದೆ. ಆ ಶಾಸ್ತ್ರವನ್ನು ನಡೆಸುವ ಕೆಲವರ ಬಗ್ಗೆ ನನಗಿರುವ ಅಭಿಪ್ರಾಯವನ್ನು ನಾನು ಸಂಪಾದಿಸಿದ್ದು ಆಗಲೇ. ಅದನ್ನು ಬದಲಿಸಲು ಈವರೆಗೆ ಕಾರಣ ಸಿಕ್ಕಿಲ್ಲ.

ಕುರುಗೋಡಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ ಆ ವರ್ಷವಷ್ಟೇ ಕೆಲಸ ಬಿಟ್ಟಿದ್ದೆ. ಮಕ್ಕಳು ಬರೆಯದ ಉತ್ತರಗಳಿಗೂ ಅಂಕ ಹಾಕಬೇಕೆಂದು ಮೇಲಿನವರು ಸೂಚಿಸಿದರು. ಹಾಕಲಾರೆನೆಂದು ನಾನು ರಾಜೀನಾಮೆ ಬರೆದೆ. ಅರ್ಧ ವಾಕ್ಯಕ್ಕೆ ಅರ್ಧ ಅಂಕ, ಪೂರ್ಣ ವಾಕ್ಯಕ್ಕೆ ಪೂರ್ಣ ಅಂಕ ಎಂಬುದು ನನ್ನ ತರಗತಿಯ ಕಟ್ಟಳೆ. 'ರಾಜಧಾನಿ ಯಾವುದು?' ಎಂದು ಕೇಳಿದರೆ ಊರಿನ ಹೆಸರನ್ನಷ್ಟೇ ಉಗುಳಿ ಕೂರುವ ಮಕ್ಕಳನ್ನು ನಾನು ಮತ್ತೆ ನಿಲ್ಲಿಸುತ್ತಿದ್ದೆ. ಹೀಗೆ ಮನೆಯಲ್ಲಿ ಕೂತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿ ಸಂಘಮಿತ್ರ ಬಂದಳು; ನಾನು ಕರೆಯುವುದು ಮಿತ್ರ ಎಂದು. ಕೊಳಗಲ್ಲಿನವಳು, ತಾಯಿ ಭತ್ತದ ನಾಟಿಗೆ ಹೋಗುವವರು. ಮನೆಯ ಒಳಕೋಣೆಯಲ್ಲಿ ಬುದ್ಧನ ಪಟವೊಂದಿತ್ತು. ಹೆಸರೂ ಅಲ್ಲಿಂದಲೇ ಬಂದದ್ದು. ಬಳ್ಳಾರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಡಾಕ್ಟರೇಟ್ ಅಧ್ಯಯನ ನಾಲ್ಕನೆಯ ವರ್ಷಕ್ಕೆ ಬಂದಿತ್ತು. ಬರುವ ಬೇಸಿಗೆಯಲ್ಲಿ ಕಾಯಂ ಹುದ್ದೆಗಳಿಗೆ ಅರ್ಜಿ ಕರೆಯುತ್ತಾರೆ, ಅಷ್ಟರಲ್ಲಿ ಪದವಿ ಕೈಗೆ ಬಂದಿರಬೇಕು ಎಂಬುದು ಅವಳ ಮನೆಯವರೆಲ್ಲ ಬಾಯಿಪಾಠ ಮಾಡಿದ್ದ ಸಂಗತಿ.

"ಟೀಚರ್, ಸಂದರ್ಶನ ರೆಕಾರ್ಡ್ ಮಾಡಿರ್ತೀವಿ. ಅದನ್ನ ಕೇಳಿ ಕೇಳಿ ಬರೀಬೇಕು. ನಮ್ಮ ಸರ್ ಶುದ್ಧ ಕನ್ನಡ ಬೇಕಂತಾರ. ನೀವ ನೆನಪಾದ್ರಿ," ಎಂದಳು.

ನಾನು ಒಪ್ಪಿಕೊಂಡೆ. ಶುದ್ಧ ಕನ್ನಡ ಬೇಕೆಂದು ಯಾರಾದರೂ ನನ್ನ ಬಾಗಿಲಿಗೆ ಬಂದು ಬಹಳ ದಿನವಾಗಿತ್ತು.

ಅವಳ ಸರ್, ಅಂದರೆ ಮಾರ್ಗದರ್ಶಕರು, ದೂರದ ನಗರದ ಪ್ರಾಧ್ಯಾಪಕರು. ಅವರ ಯೋಜನೆಯ ಹೆಸರಿನಲ್ಲಿ 'ಪ್ರಾದೇಶಿಕ ರಾಜಕೀಯ ಏಕೀಕರಣ' ಎಂಬ ಮಾತಿತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಗೋಡೆಗೆ ಬಿಳಿ ಹಲಗೆ ತೂಗುಹಾಕಿ, ಅವರು ನಮಗೆ ಸಿದ್ಧಾಂತ ಬೋಧಿಸಿದರು. ನಾನು ಅದನ್ನು ನೋಟ್ ಪುಸ್ತಕದಲ್ಲಿ ಕ್ರಮವಾಗಿ ಬರೆದುಕೊಂಡೆ. ಬೇರೆ ಬೇರೆ ರಾಜ್ಯಗಳು, ದೇಶಗಳು ಮೊದಲು ಸಣ್ಣ ವಿಷಯದಲ್ಲಿ ಕೂಡುತ್ತವೆ: ಕಲ್ಲಿದ್ದಲು, ಉಕ್ಕು, ನೀರು, ಹೀಗೆ ರಾಜಕೀಯದ ಬಿಸಿಯಿಲ್ಲದ ಯಾವುದಾದರೊಂದರಲ್ಲಿ. ಆ ಕೂಡುವಿಕೆ ಪಾತ್ರೆ ತುಂಬಿದಂತೆ ತುಂಬಿ, ಪಕ್ಕದ ವಿಷಯಕ್ಕೆ ತುಳುಕುತ್ತದೆ; ಅಲ್ಲಿಂದ ಮತ್ತೊಂದಕ್ಕೆ. ಕೊನೆಗೆ ಜನರ ನಿಷ್ಠೆಯೇ ಹಳೆಯ ಗಡಿ ದಾಟಿ ಹೊಸ ಕೂಟಕ್ಕೆ ಸೇರುತ್ತದೆ. ಇದಕ್ಕೆ ಎದುರು ನಿಲ್ಲುವ ಇನ್ನೊಂದು ಪಂಥವಿದೆ. ಏನೂ ತಾನಾಗಿ ತುಳುಕುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಲಾಭ ನೋಡಿ, ಚೌಕಾಸಿ ಮಾಡಿ, ಬೇಕಾದಷ್ಟೇ ಕೂಡುತ್ತಾರೆ ಎಂಬುದು ಅದರ ವಾದ. ಪ್ರಾಧ್ಯಾಪಕರು ಮೊದಲನೆಯ ಪಂಥದವರು. ಎರಡನೆಯದನ್ನು ಅವರು ಹಲಗೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದು, ಬೇರೆ ಯಾವುದಕ್ಕೋ ಜಾಗ ಬೇಕಾದಾಗ ಒರೆಸಿದರು.

ದೇಶಗಳ ಮಟ್ಟದಲ್ಲಿ ಹುಟ್ಟಿದ ಈ ಸಿದ್ಧಾಂತವನ್ನು ಸಿರುಗುಪ್ಪ ತಾಲ್ಲೂಕಿನ ಅಂಚಿನ ಹಳ್ಳಿಯಲ್ಲಿ ಕಂಡುಹಿಡಿಯುವುದು ಅವರ ಉದ್ದೇಶ. ಅಲ್ಲಿ ಒಂದೇ ಕಾಲುವೆ ಎರಡಾಗಿ ಒಡೆದು ಒಂದು ಕವಲು ನಮ್ಮ ಕಡೆಗೆ, ಇನ್ನೊಂದು ಆಂಧ್ರದ ಕಡೆಗೆ ಹೋಗುತ್ತದೆ. ಬಹಳ ಕಾಲದಿಂದ ಅಲ್ಲಿ ನೀರಿಗಾಗಿ ಒಂದು ಏಟೂ ಬಿದ್ದಿಲ್ಲವೆಂದು ಅವರು ಎಲ್ಲಿಯೋ ಕೇಳಿದ್ದರು. ಅಷ್ಟು ಸಾಕಾಯಿತು. "ಅಲ್ಲಿ ಏಕೀಕರಣ ನಡೆದಿದೆ. ನಾವು ಹೋಗಿ ದಾಖಲಿಸಬೇಕು ಅಷ್ಟೆ," ಎಂದರು. ಉತ್ತರ ಮೊದಲು, ಪ್ರಶ್ನೆ ಆಮೇಲೆ. ನನ್ನ ತರಗತಿಯಲ್ಲಿ ಇದಕ್ಕೆ ನಕಲು ಎಂದು ಹೆಸರಿತ್ತು. ಗುಣಾತ್ಮಕ ಸಂಶೋಧನೆಯಲ್ಲಿ ಇದಕ್ಕೆ ಬೇರೆ ಹೆಸರಿರಬಹುದೆಂದು ಅದನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ.

ನಮ್ಮ ಸೀಮೆಯಲ್ಲಿ ಮಳೆಗಾಲವೆಂದರೆ ಬಹುಮಟ್ಟಿಗೆ ಗಾಳಿಗಾಲ. ಮೋಡಗಳು ತಲೆಯ ಮೇಲೆ ಓಡುತ್ತಿರುತ್ತವೆ, ನಿಲ್ಲುವುದಿಲ್ಲ. ಕಣ್ಣಿಗೆ ಮಣ್ಣು, ಹಲ್ಲಿಗೆ ಮರಳು. ಅಂಥದೊಂದು ಬೆಳಿಗ್ಗೆ ಪ್ರಾಧ್ಯಾಪಕರು ಬಿಳಿ ಟೋಪಿ ಧರಿಸಿ ಕಾರಿನಲ್ಲಿ ಬಂದರು. ನಾವಿಬ್ಬರೂ ತೆಕ್ಕಲಕೋಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಸ್ಸಿನಲ್ಲಿ ಹೋಗಿದ್ದೆವು. ಗಾಳಿಗೆ ಟೋಪಿ ಎರಡು ಬಾರಿ ಕಾಲುವೆಯತ್ತ ಹಾರಿತು. ಎರಡು ಬಾರಿಯೂ ಅದನ್ನು ಹಿಡಿದವನು ಈರಣ್ಣ, ನಮ್ಮ ಕಡೆಯ ನೀರಗಂಟಿ. ಕಾಲುವೆಯ ನೀರು ಬಿಡುವ, ಕಟ್ಟುವ ಕೆಲಸ ಇವನದು. ಆದರೆ ಅವನು ಕೂತಿದ್ದದ್ದು ಆಂಧ್ರದವರ ತೂಬಿನ ಕಟ್ಟೆಯ ಮೇಲೆ. ನಮ್ಮ ತೂಬಿನ ಮೇಲೆ ಬೀಡಿ ಸೇದುತ್ತ ಕೂತವನು ಮದ್ದಿಲೇಟಿ, ಆ ಕಡೆಯ ನೀರಗಂಟಿ. ಇದು ಪ್ರಾಧ್ಯಾಪಕರಿಗೆ ಕಾಣಲಿಲ್ಲ. ಮಿತ್ರಳಿಗೆ ಕಂಡಿತು.

"ಈರಣ್ಣ ಮಾವ, ನೀವು ಅವರ ತೂಬಿನ ಮ್ಯಾಲ ಯಾಕ ಕುಂತೀರಿ?" ಎಂದು ಅವಳು ಕೇಳಿದಳು.

"ನಮ್ಮ ತೂಬಿನ ಮ್ಯಾಲ ನಾನ ಕುಂತ್ರ ನಮ್ಮೋರಿಗೆ ಒಂದು ಗೇಣು ಹೆಚ್ಚಿಗಿ ಎತ್ತಿಬಿಡಂಗಿಲ್ಲೇನವಾ? ಅದಕ್ಕ ನಮ್ಮ ತೂಬಿನ ಕೀಲಿ ಈ ಮದ್ದಿಲೇಟಿ ಕಡೆ, ಅವರ ತೂಬಿನ ಕೀಲಿ ನನ್ನ ಕಡೆ. ಅವ ನಮ್ಮನ್ನ ಕಾಯ್ತಾನ, ನಾ ಅವರನ್ನ ಕಾಯ್ತೀನಿ. ನಮ್ಮಪ್ಪನ ಕಾಲದಿಂದ ಹಿಂಗ ಐತಿ."

"ಅದ್ಭುತ! ಪರಸ್ಪರ ನಂಬಿಕೆ," ಎಂದರು ಪ್ರಾಧ್ಯಾಪಕರು.

"ನಂಬಿಕಿ ಎಲ್ಲಿಂದ ಬಂತ್ರೀ ಸಾಹೇಬ್ರ? ನಂಬಿಕಿ ಇದ್ದಿದ್ರ ಇಬ್ರೂ ಮನ್ಯಾಗ ಮಕ್ಕೋತಿದ್ವಿ."

ಮದ್ದಿಲೇಟಿ ಆ ಕಡೆಯಿಂದ ಹೊಗೆ ಬಿಡುತ್ತ, "ಈಯನ್ನಿ ನಮ್ಮಿತೇ ಮುನಿಗಿಪೋತಾಮು ಸಾರ್," ಎಂದ. ಇವನನ್ನು ನಂಬಿದರೆ ಮುಳುಗಿಹೋಗುತ್ತೇವೆ ಎಂದು. ಇಬ್ಬರೂ ನಕ್ಕರು. ಇಬ್ಬರಿಗೂ ಎರಡೂ ಭಾಷೆ ಬರುತ್ತಿತ್ತು. ಬೈಯುವಾಗ ಒಬ್ಬರ ಭಾಷೆಯಲ್ಲಿ ಇನ್ನೊಬ್ಬರು ಬೈಯುತ್ತಿದ್ದರು.

ಅಷ್ಟರಲ್ಲಿ ಬೈಕಿನಲ್ಲಿ ಬಂದ ಪಂಚಾಯಿತಿ ಸದಸ್ಯನೊಬ್ಬ ಏರಿಯ ಕೆಳಗೇ ಗಾಡಿ ನಿಲ್ಲಿಸಿ, ಕೊರಳಿನಲ್ಲಿದ್ದ ಪಕ್ಷದ ಶಾಲನ್ನು ತೆಗೆದು ಜಾಲಿ ಗಿಡಕ್ಕೆ ಸಿಕ್ಕಿಸಿ, ಬರಿಗೊರಳಿನಲ್ಲಿ ಮೇಲೆ ಹತ್ತಿ ಬಂದ. ಆ ಗಿಡದಲ್ಲಿ ಬೇರೆ ಬಣ್ಣದ ಇನ್ನೊಂದು ಶಾಲು ಮೊದಲೇ ನೇತಾಡುತ್ತಿತ್ತು.

"ಅದೇನ್ ಮಾವ?" ಎಂದಳು ಮಿತ್ರ.

"ಶಾಲು ಏರಿ ಮ್ಯಾಲ ಬರಂಗಿಲ್ಲವಾ. ನಮ್ಮ ಪಾರ್ಟಿ, ಅವರ ಪಾರ್ಟಿ, ನಮ್ಮ ಮುಖ್ಯಮಂತ್ರಿ, ಅವರ ಮುಖ್ಯಮಂತ್ರಿ, ಏನಿದ್ರೂ ಗಿಡಕ್ಕ. ಅದೊಂದು ಮ್ಯಾಲ ಬಂತಂದ್ರ ನೀರು ನಿಂತಂಗ."

ಪ್ರಾಧ್ಯಾಪಕರು ಆಗ ಕಾಲುವೆಗೆ ಬೆನ್ನು ಮಾಡಿ ನಿಂತು, ಕಾಲುವೆಯೊಂದಿಗೆ ತಮ್ಮ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅನಂತರ ಬಂದು, ಧ್ವನಿಮುದ್ರಣ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಂಡು, ತಮ್ಮ ಪ್ರಶ್ನೆ ಕೇಳಿದರು. ಆ ಪ್ರಶ್ನೆ ನನಗೆ ಇಂದಿಗೂ ಕಂಠಸ್ಥ: "ನೀರಿನ ವಿಷಯದಲ್ಲಿ ನೀವು ಎರಡೂ ರಾಜ್ಯದವರು ಇಷ್ಟು ನಂಬಿಕೆಯಿಂದ ಸಹಕರಿಸುತ್ತಿರುವಾಗ, ಮಾರುಕಟ್ಟೆ, ಶಾಲೆ, ಚುನಾವಣೆ ಮೊದಲಾದ ಇತರ ವಿಷಯಗಳಲ್ಲೂ ಕೂಡಿ ನಡೆಯಬೇಕು ಎಂಬ ಭಾವನೆ ನಿಮ್ಮಲ್ಲಿ ಸಹಜವಾಗಿಯೇ ಬೆಳೆದಿದೆ ಅಲ್ಲವೇ?"

ಈರಣ್ಣ ಟೋಪಿಯನ್ನು ನೋಡಿದ, ಬಿಸಿಲನ್ನು ನೋಡಿದ, ಮದ್ದಿಲೇಟಿಯನ್ನು ನೋಡಿದ.

"ಹ್ಞೂಂ… ಅನ್ರಿ," ಎಂದ.

ಕಾರು ಇಪ್ಪತ್ತು ನಿಮಿಷದೊಳಗೆ ಹೊರಟಿತು. ಅದರ ಧೂಳು ಅಡಗುವ ಮುನ್ನವೇ ಈರಣ್ಣ ನನ್ನ ಕಡೆ ತಿರುಗಿ, "ದೊಡ್ಡೋರು ಬಿಸಿಲಾಗ ನಿಂತಾರ, ಇಲ್ಲ ಅನ್ನಾಕ ಬರ್ತೈತೇನ್ರಿ ಟೀಚರಮ್ಮ?" ಎಂದ. ಮಿತ್ರಳ ಕೈಯಲ್ಲಿದ್ದ ಯಂತ್ರ ಇದನ್ನೂ ದಾಖಲಿಸಿಕೊಂಡಿತು.

ಮುಂದಿನ ಎರಡು ತಿಂಗಳು ಮಿತ್ರ ಹಳ್ಳಿಯಿಂದ ಹಳ್ಳಿಗೆ ತಿರುಗಿದಳು. ಕೆಂಚನಗುಡ್ಡದ ಹೊಳೆದಂಡೆಯವರೆಗೂ ಹೋಗಿ ಬಂದಳು. ಪ್ರಾಧ್ಯಾಪಕರು ಕೊಟ್ಟ ಅದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಬೇಕಿತ್ತು. ಅವಳು ಅದನ್ನು ಕೇಳಿ, ಆಮೇಲೆ ತನ್ನ ಪ್ರಶ್ನೆಗಳನ್ನೂ ಕೇಳಿ, ಧ್ವನಿಮುದ್ರಿಕೆಗಳನ್ನು ನನಗೆ ಕಳುಹಿಸುತ್ತಿದ್ದಳು. ನಾನು ಕುರುಗೋಡಿನ ಮನೆಯಲ್ಲಿ, ಬಂಡೆಗುಡ್ಡಕ್ಕೆ ಮುಖಮಾಡಿದ ಕಿಟಕಿಯ ಬಳಿ, ಬೆಳಿಗ್ಗೆ ಹತ್ತರಿಂದ ಐದರ ತನಕ ಶಾಲೆಯ ವೇಳಾಪಟ್ಟಿಯಂತೆಯೇ ಕೂತು ಬರೆದೆ. ಕ್ರಮಸಂಖ್ಯೆ, ಹೆಸರಿನ ಬದಲು ಸಂಕೇತ, ಪ್ರಶ್ನೆ, ಉತ್ತರ. ಪ್ರತಿಯೊಂದರ ಅಡಿಯಲ್ಲಿ 'ಇದು ಧ್ವನಿಮುದ್ರಿಕೆಯ ಯಥಾವತ್ ಲಿಖಿತ ಪಾಠ' ಎಂಬ ಸಾಲು, ನನ್ನ ಸಹಿ. ಪ್ರಾಧ್ಯಾಪಕರು ಫೋನು ಮಾಡಿ, "ಮೇಡಂ, ಇಷ್ಟು ಪರಿಪೂರ್ಣವಾದ ಪಾಠಗಳನ್ನು ನನ್ನ ವೃತ್ತಿಜೀವನದಲ್ಲೇ ಕಂಡಿಲ್ಲ," ಎಂದರು. ನಾನು ಹಿಗ್ಗಿದೆ. ಅಂಥವರ ಹೊಗಳಿಕೆಗೆ ಹಿಗ್ಗಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸತ್ಯನಾರಾಯಣಪೇಟೆಯ ಗೋಡೆಯ ಮೇಲೆ ಅವರು ಬಣ್ಣದ ಚೀಟಿಗಳನ್ನು ಅಂಟಿಸತೊಡಗಿದರು. ನನ್ನ ಪಾಠಗಳಿಂದ ಒಂದೊಂದು ವಾಕ್ಯ ಕತ್ತರಿಸಿ, ಅದಕ್ಕೊಂದು ವರ್ಗ ಕೊಡುವುದು. ಹಳದಿ ಎಂದರೆ ನಂಬಿಕೆ, ಹಸಿರು ಎಂದರೆ ತುಳುಕುವಿಕೆ. ನಾಟಿ ಮುಗಿದು ಗದ್ದೆಗಳು ಹಸಿರಾಗುವಷ್ಟರಲ್ಲಿ ಗೋಡೆಯೂ ಹಸಿರಾಯಿತು. ಪ್ರಾಧ್ಯಾಪಕರು, ಇನ್ನು ಹೊಸದೇನೂ ಸಿಗಲಾರದು, ಸಾಮಗ್ರಿ ತುಂಬಿ ನಿಂತಿದೆ ಎಂದು ಘೋಷಿಸಿ, ಮಿತ್ರ ತನ್ನ ಪ್ರಬಂಧದ ತಿರುಳನ್ನು ಈ ಗೋಡೆಯಿಂದಲೇ ಬರೆಯತಕ್ಕದ್ದೆಂದು ಅಪ್ಪಣೆ ಮಾಡಿದರು. ಹಳ್ಳಿಗಳಿಂದ ಹಿಂತಿರುಗಿದ ಅವಳು ಗೋಡೆಯ ಚೀಟಿಗಳನ್ನು ಒಂದೊಂದಾಗಿ ಓದಿದಳಂತೆ. ಮರುದಿನ ಮಧ್ಯಾಹ್ನ ಫೋನು, ಕಾಗದದ ಕಟ್ಟು ಹಿಡಿದು ನಮ್ಮ ಮನೆಗೆ ಬಂದಳು. ನೀರು ಕೊಟ್ಟೆ, ಕುಡಿಯಲಿಲ್ಲ.

"ಟೀಚರ್, ಇದನ್ನ ಓದ್ರಿ."

ಈರಣ್ಣನ ಉತ್ತರ. ನಾನು ಗಟ್ಟಿಯಾಗಿ ಓದಿದೆ: "ಹೌದು, ನೀರಿನ ವಿಷಯದಲ್ಲಿ ನಾವು ಎರಡೂ ರಾಜ್ಯಗಳವರು ನಂಬಿಕೆಯಿಂದ ಸಹಕರಿಸುತ್ತಿರುವುದರಿಂದ, ಮಾರುಕಟ್ಟೆ, ಶಾಲೆ, ಚುನಾವಣೆ ಮೊದಲಾದ ಇತರ ವಿಷಯಗಳಲ್ಲಿಯೂ ಕೂಡಿ ನಡೆಯಬೇಕೆಂಬ ಭಾವನೆ ನಮ್ಮಲ್ಲಿ ಸಹಜವಾಗಿಯೇ ಬೆಳೆದಿದೆ."

ಅವಳು ಫೋನಿನ ಗುಂಡಿ ಒತ್ತಿದಳು. ಗಾಳಿ, ಪ್ರಾಧ್ಯಾಪಕರ ಆ ಉದ್ದ ಪ್ರಶ್ನೆ, ಮತ್ತೆ ಗಾಳಿ. "ಹ್ಞೂಂ… ಅನ್ರಿ."

"ಅವನು ಹೌದೆಂದನಲ್ಲ? ಪ್ರಶ್ನೆಯಲ್ಲಿದ್ದುದನ್ನು ಸೇರಿಸಿ ಉತ್ತರವನ್ನು ಪೂರ್ತಿ ಮಾಡಿದ್ದೇನೆ," ಎಂದೆ. "ಬರೀ ಹ್ಞೂಂ ಅಂತ ಬರೆದರೆ ಅದೇನು ಉತ್ತರ?"

"ಅವನು 'ಅನ್ರಿ' ಅಂದಾನ್ರಿ. ಬೇಕಾದ್ರ ಹಂಗನ್ನಿ ಅಂತ. ಮತ್ತ ನಂಬಿಕಿ ಇದ್ದಿದ್ರ ಮನ್ಯಾಗ ಮಕ್ಕೋತಿದ್ವಿ ಅಂದದ್ದು ಎಲ್ಲಿ? ಗಿಡಕ್ಕ ಶಾಲು ಹಾಕೋದು ಎಲ್ಲಿ?"

"ಅದು ಕೊಟ್ಟ ಪ್ರಶ್ನೆಗೆ ಸಂಬಂಧಿಸಿದ ಮಾತಲ್ಲ. ನಗೆಚಾಟಿಕೆ."

"ಎಲ್ಲಾರ್ದೂ ಹಿಂಗ ಮಾಡೀರೇನು?"

"ಎಲ್ಲರಿಗೂ ಒಂದೇ ಕಟ್ಟಳೆ. ಅರ್ಧ ಉತ್ತರ ನನ್ನ ಕೈಯಿಂದ ಹೊರಗೆ ಹೋಗುವುದಿಲ್ಲ."

ಮಿತ್ರ ಕಾಗದಗಳನ್ನು ಮಡಿಲಲ್ಲಿ ಇಟ್ಟುಕೊಂಡು, ನನ್ನನ್ನು ನೇರವಾಗಿ ನೋಡಿ, ಮೆಲ್ಲಗೆ ಹೇಳಿದಳು: "ಟೀಚರ್, ಅವರು ಪರೀಕ್ಷೆ ಬರ್ದಿಲ್ರಿ."

ಬರೆಯದ ಉತ್ತರಕ್ಕೆ ಅಂಕ ಹಾಕಲಾರೆನೆಂದು ಕೆಲಸ ಬಿಟ್ಟವಳು, ಹಳ್ಳಿ ಹಳ್ಳಿಯ ಜನ ಆಡದ ಉತ್ತರವನ್ನು ನಾನೇ ಬರೆದು ಸಹಿ ಹಾಕಿದ್ದೆ. ಪ್ರಾಧ್ಯಾಪಕರು ತಮ್ಮ ಪ್ರಶ್ನೆಯಲ್ಲಿ ಅಡಗಿಸಿದ್ದ ಸಿದ್ಧಾಂತವನ್ನು ಕಿತ್ತು, ಈರಣ್ಣನ ಬಾಯಲ್ಲಿಟ್ಟು, ಯಥಾವತ್ ಎಂದು ಪ್ರಮಾಣಿಸಿದವಳು ನಾನು. ಗೋಡೆಯ ಹಸಿರೆಲ್ಲ ನನ್ನ ಬೇಸಾಯ.

ಮೂರು ವಾರ ನಾವಿಬ್ಬರೂ ಎಲ್ಲವನ್ನೂ ಮೊದಲಿಂದ ಬರೆದೆವು. ಆಡಿದ್ದು ಆಡಿದಂತೆ, ತಡೆದದ್ದು, ನಕ್ಕದ್ದು, ಮಾತು ತಪ್ಪಿಸಿದ್ದು, ತೆಲುಗಿಗೆ ಜಾರಿದ್ದು ಸಮೇತ. ಹಾಗೆ ಬರೆದಾಗ ಹಳದಿ ಚೀಟಿಗೆ ಒಂದು ವಾಕ್ಯವೂ ಉಳಿಯಲಿಲ್ಲ. ಆದರೆ ಚೀಟಿಯಿಲ್ಲದ ಒಂದು ಸಂಗತಿ ಪುಟಪುಟದಲ್ಲಿಯೂ ಎದ್ದು ಕಂಡಿತು. ಈ ಜನ ಕೂಡಿ ನಡೆಯುವುದು ನಂಬಿಕೆಯಿಂದಲ್ಲ, ಅಪನಂಬಿಕೆಯನ್ನು ಸಮನಾಗಿ ಹಂಚಿಕೊಂಡದ್ದರಿಂದ. ಆ ಕೂಡುವಿಕೆ ಬೇರೆಲ್ಲಿಗೂ ತುಳುಕದಂತೆ ಅವರು ನೀರಿಗಿಂತ ಹೆಚ್ಚಾಗಿ ಅದನ್ನೇ ಕಾಯುತ್ತಿದ್ದರು.

ಪ್ರಾಧ್ಯಾಪಕರು ಹೊಸ ಪಾಠಗಳನ್ನು ತೆರೆದೂ ನೋಡಲಿಲ್ಲ. ಪ್ರಮಾಣೀಕೃತ ಪಾಠ ಒಂದಿರುವಾಗ ಎರಡನೆಯದಕ್ಕೆ ಮಾನ್ಯತೆಯಿಲ್ಲವೆಂದರು. ಬಳ್ಳಾರಿಯಲ್ಲಿ ಪ್ರಬಂಧ ಸಮಿತಿ ಸೇರುವುದಿತ್ತು. ಮಿತ್ರ ಹಸಿರು ಗೋಡೆಯನ್ನು ಒಪ್ಪಿಕೊಂಡರೆ ಬೇಸಿಗೆಯೊಳಗೆ ಪದವಿ. ಒಪ್ಪದಿದ್ದರೆ, ಮೊದಲಿನ ಪಾಠಗಳು ಸುಳ್ಳೆಂದು ನಾನು ಬರೆದುಕೊಡಬೇಕು. ಆಮೇಲೆ ಏನಾಗುವುದೆಂದು ಯಾರಿಗೂ ಗೊತ್ತಿಲ್ಲ.

"ಒಪ್ಪಿಕೊಂಡುಬಿಡವ್ವಾ," ಎಂದೆ ನಾನು. ಹೌದು, ನಾನೇ ಹೇಳಿದೆ. "ಪದವಿ ಬಂದ ಮೇಲೆ ನಿನಗೆ ತಿಳಿದಂತೆ ಬರಿ."

"ಹೋದ ವಾರ ಈರಣ್ಣ ಮಾವ ಸಿಕ್ಕಿದ್ದ. ನಮ್ಮ ಬಗ್ಗೆ ಏನ್ ಬರೀತಿ ಅಂತ ಕೇಳಿದ. ಏನಂತ ಹೇಳ್ಲಿ ಟೀಚರ್?"

ನಾನು ಸಮಿತಿಗೆ ಪತ್ರ ಬರೆದೆ. ಒಳ್ಳೆಯ ಪತ್ರವೇ. 'ಕಣ್ತಪ್ಪಿನಿಂದ ಕೆಲವು ಉತ್ತರಗಳು ವಿಸ್ತಾರಗೊಂಡಿದ್ದು' ಎಂದು ಆರಂಭಿಸಿ ಗೌರವದಿಂದ ಮುಗಿಸಿದ್ದೆ. ಅವಳು ನಿಂತಲ್ಲಿಯೇ ಓದಿ ಹಿಂದಕ್ಕೆ ಕೊಟ್ಟಳು.

"ಕಣ್ತಪ್ಪು ಅಲ್ರಿ ಇದು. ನೀವು ಕಣ್ಣಿಟ್ಟು ಮಾಡೀರಿ."

ನನ್ನ ಬಳಿ ಕಲಿತವರು ಯಾರೂ ಅಲ್ಲಿಯವರೆಗೆ ನನಗೆ ಹಾಗೆ ಹೇಳಿದ್ದಿಲ್ಲ. ಪತ್ರ ಹರಿದು ಇನ್ನೊಂದು ಬರೆದೆ: 'ಈ ಉತ್ತರಗಳನ್ನು ಆ ಜನ ಆಡಿಲ್ಲ. ನಾನು ಬರೆದೆ. ಯಥಾವತ್ ಎಂದು ಸಹಿ ಹಾಕಿದ್ದು ಸುಳ್ಳು.'

ಸಮಿತಿಯ ಮುಂದೆ ಅದನ್ನು ನಾನೇ ಓದಬೇಕಾಯಿತು. ಹೊರಗಿನಿಂದ ಬಂದಿದ್ದ ಸದಸ್ಯೆಯೊಬ್ಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ತಪ್ಪೊಪ್ಪಿಕೊಂಡ ವಿದ್ಯಾರ್ಥಿಗಳನ್ನು ನಾನು ಹಾಗೆಯೇ ನೋಡುತ್ತಿದ್ದೆ. ಪ್ರಾಧ್ಯಾಪಕರು ಮಾತ್ರ ವಿಚಲಿತರಾಗಲಿಲ್ಲ. "ಮಾಹಿತಿದಾರರಿಗೆ ತಮ್ಮೊಳಗೆ ಏನಿದೆ ಎಂಬುದು ಗೊತ್ತಿರುವುದಿಲ್ಲ. ಅದನ್ನು ಹೊರತೆಗೆಯುವುದಕ್ಕೇ ಸಿದ್ಧಾಂತ ಇರುವುದು. ಮೇಡಂ ಬರೆದದ್ದು ಅಕ್ಷರಶಃ ಅಲ್ಲದಿರಬಹುದು, ತಾತ್ಪರ್ಯ ನಿಜ," ಎಂದರು. ಸುಳ್ಳಾಡಿದವಳು ಒಪ್ಪಿಕೊಂಡ ಮೇಲೆಯೂ ಸುಳ್ಳನ್ನು ಕೈಬಿಡದ ಆ ನಿಷ್ಠೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

"ಹಾಗಾದರೆ ಕಾಲುವೆಯಿಂದ ಏನು ತುಳುಕಿತು ನಿಮ್ಮ ಪ್ರಕಾರ?" ಎಂದು ಆ ಸದಸ್ಯೆ ಮಿತ್ರಳನ್ನು ಕೇಳಿದರು.

"ಏನೂ ತುಳುಕಿಲ್ಲ ಮೇಡಂ. ತುಳುಕಬಾರದು ಅಂತಾನ ಅವರು ಕಾಯ್ತಾರ."

ಸಮಿತಿ ಎಲ್ಲ ಸಂದರ್ಶನಗಳನ್ನೂ ತಳ್ಳಿಹಾಕಿತು. ಒಮ್ಮೆ ಪಾಠ ಕೆಟ್ಟ ಮೇಲೆ ಎರಡನೆಯ ಪಾಠವನ್ನೂ ನಂಬಲಾಗದೆಂಬುದು ಅವರ ತೀರ್ಪು. ಅದು ಸರಿಯಾದ ತೀರ್ಪು. ಹೊಸ ಪ್ರಶ್ನೆ, ಹೊಸ ಧ್ವನಿಮುದ್ರಣ, ಮುಂದಿನ ಹಂಗಾಮಿನಲ್ಲಿ ಮತ್ತೆ ಎಲ್ಲ. ಪ್ರಾಧ್ಯಾಪಕರು ಮಾರ್ಗದರ್ಶನದಿಂದ ಹಿಂದೆ ಸರಿದರು. ಆ ಸದಸ್ಯೆಯೇ ಅವಳನ್ನು ವಹಿಸಿಕೊಂಡರು. ಹೊರಗೆ ಬಂದಾಗ ಗಾಳಿ ನಿಂತಿತ್ತು. ಸಿರುಗುಪ್ಪದ ಕಡೆಯಿಂದ ಭತ್ತ ಹೇರಿದ ಲಾರಿಗಳು ಊರೊಳಗೆ ಬರುತ್ತಿದ್ದವು. ಬೇಸಿಗೆಯಲ್ಲಿ ಹುದ್ದೆಗಳಿಗೆ ಅರ್ಜಿ ಕರೆದರು, ಮುಚ್ಚಿದರು. ಅವಳು ಅರ್ಜಿ ಹಾಕುವಂತಿರಲಿಲ್ಲ. ಅಂಥ ಕರೆ ಮತ್ತೆ ಬಂದಿಲ್ಲ; ಅವಳು ಇಂದಿಗೂ ಅತಿಥಿ ಉಪನ್ಯಾಸಕಿಯೇ.

ಪ್ರಾಧ್ಯಾಪಕರ ಲೇಖನ ಮೊದಲಿನ ಪಾಠಗಳನ್ನೇ ಆಧರಿಸಿ ಪ್ರಕಟವಾಯಿತು. ಅಡಿಟಿಪ್ಪಣಿಯಲ್ಲಿ ನನಗೆ ಕೃತಜ್ಞತೆ ಇದೆ. ಅದನ್ನು ತೆಗೆಯಬೇಕೆಂದು ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ. ಈಗ ಅವರು ಬೇರೆ ಎರಡು ರಾಜ್ಯಗಳ ನಡುವಿನ ಮೀನುಗಾರರಲ್ಲಿ ಏಕೀಕರಣವನ್ನು ಕಂಡಿದ್ದಾರೆಂದು ಕೇಳಿದೆ. ಕಂಡೇ ಕಾಣುತ್ತಾರೆ.

ಒಂದು ವರ್ಷ ತಡವಾಗಿ ಮಿತ್ರಳಿಗೆ ಪದವಿ ಬಂದಾಗ ಇಬ್ಬರೂ ಪೇಡೆಯ ಡಬ್ಬಿ ಹಿಡಿದು ಕಾಲುವೆಗೆ ಹೋದೆವು. ಈರಣ್ಣ ಆಂಧ್ರದವರ ತೂಬಿನ ಮೇಲಿದ್ದ, ಮದ್ದಿಲೇಟಿ ನಮ್ಮ ತೂಬಿನ ಮೇಲೆ.

"ಪಾಸಾದ್ಯೇನವಾ? ಕಡೀಕ ಏನ್ ಬರ್ದಿ ನಮ್ಮ ಬಗ್ಗೆ?"

"ನೀವು ಒಬ್ರನ್ನೊಬ್ರು ನಂಬಂಗಿಲ್ಲ, ಅದಕ್ಕ ನೀರು ಸರಿಯಾಗಿ ಹೋಗ್ತೈತಿ ಅಂತ ಬರ್ದೀನಿ ಮಾವ."

ಈರಣ್ಣ ಅದನ್ನು ತೆಲುಗಿನಲ್ಲಿ ಆಚೆಗೆ ಕೂಗಿ ಹೇಳಿದ. ಮದ್ದಿಲೇಟಿ ಪೇಡೆ ನುಂಗಿ, ಇದಕ್ಕೆ ಎಷ್ಟು ವರ್ಷ ಹಿಡಿಯಿತೆಂದು ಕೇಳಿದ. ಐದು ಎಂದಳು ಮಿತ್ರ.

"ದೀನಿಕಿ ಐದೇಂಡ್ಲಾ?" ಎಂದು ಅವನು ಬಾಯಿ ತೆರೆದ. ಇಷ್ಟಕ್ಕೆ ಐದು ವರ್ಷವೇ? ಈರಣ್ಣ ತೊಡೆ ತಟ್ಟಿ ನಕ್ಕ, ಮದ್ದಿಲೇಟಿ ನಕ್ಕ, ಮಿತ್ರಳೂ ನಕ್ಕಳು.

ನಗದವಳು ನಾನೊಬ್ಬಳೇ. ಆ ಐದರಲ್ಲಿ ಒಂದು ವರ್ಷ ನಾನು ತಿಂದದ್ದು.